ಕೊಲ್ಲಾಪುರದ ಸುಟ್ಟ ನಾಟ್ಯಗೃಹ: ಗ್ವಾಡಿ ನಿಂತೈತಿ, ದನಿ ಉಳಸೂದು ಹೆಂಗ?

ಕೊಲ್ಲಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಹೋತು. ಸ್ಟೇಜು, ಪರದೆ, ಕುರ್ಚಿ, ಮ್ಯಾಲಿನ ಛಾವಣಿ ಎಲ್ಲಾ ಸುಟ್ಟು ಮುಂದಿನ ಕಲ್ಲಿನ ಕಟ್ಟಡ ಅಷ್ಟ ಉಳೀತು, ಪುಣ್ಯಕ್ಕ ಯಾರ ಜೀವಕ್ಕೂ ಏನೂ ಆಗಲಿಲ್ಲ. ಮರುದಿನ ಆಗಸ್ಟ್ 9, ಯಾರ ಹೆಸರು ಆ ಥಿಯೇಟರ್‌ಗೆ ಇಟ್ಟಾರೋ ಆ ಮರಾಠಿ ನಟ, ಹಾಡುಗಾರ ಕೇಶವರಾಯರು ಹುಟ್ಟಿದ ದಿನ. ಹಾರ ಹಾಕಬೇಕಾದ ದಿನ ಊರಿನ ಕಲಾವಿದರು ಬೂದಿ ಮುಂದ ನಿಂತು ಕಣ್ಣೀರು ಹಾಕಿದ್ರು.

ನಮ್ಮ ಗಡಹಿಂಗ್ಲಜ, ಶಿರೋಳ, ಕಾಗಲ ಕಡೆ ಕನ್ನಡ ಮಾತಾಡೂ ಮಂದಿಗೆ ಕೊಲ್ಲಾಪುರ ಅಂದ್ರ ಅಂಬಾಬಾಯಿ ಗುಡಿ, ದವಾಖಾನಿ, ಬೆಲ್ಲದ ಪ್ಯಾಟಿ. ಥಿಯೇಟರ್ ಆಮ್ಯಾಲ ನೆನಪಾಗತೈತಿ. ಬೆಂಕಿ ಬಿದ್ದ ಮ್ಯಾಲ ಭಾಳ ಮಂದಿ ಆಡಿದ ಮಾತು ಏನಂದ್ರ, ಸರ್ಕಾರ 20 ಕೋಟಿ ರೂಪಾಯಿ ಘೋಷಣಾ ಮಾಡೈತಿ, ಮೊದಲ ಇದ್ದಂಗ ಕಟ್ಟಿ ಕೊಡ್ತಾರ, ಮುಗೀತಲ್ಲ ಅಂತ. ಅಷ್ಟಕ್ಕ ಮುಗಿಯೂದಿಲ್ರಿ. ಹಳೇ ವಾಡೆ ಇರಲಿ, ಹಳೇ ಗುಡಿ ಇರಲಿ, ಅದನ್ನ ಉಳಸೂವಾಗ ಕಲ್ಲು, ಕಟಗಿ, ಕೆತ್ತನಿ ನೋಡಕೊಂಡ್ರ ಮುಕ್ಕಾಲು ಕೆಲಸ ಆದಂಗ. ಥಿಯೇಟರ್‌ದಾಗ ಉಳಸಬೇಕಾದ ದೊಡ್ಡ ವಸ್ತು ಕಣ್ಣಿಗೆ ಕಾಣೂದಿಲ್ಲ, ಅದು ಕಿವಿಗೆ ಕೇಳೂವಂಥಾದ್ದು. ಮೈಕ್ ಇಲ್ಲದ ಒಬ್ಬ ನಟ ಹಾಡಿದ್ದು ಕಡೀ ಸಾಲಿನಾಗ ಕುಂತವನಿಗೆ ಮುಟ್ಟತಿತ್ತಲ್ಲ, ಆ ಗುಣ ವಾಪಸ್ ಬಂದ್ರ ಥಿಯೇಟರ್ ವಾಪಸ್ ಬಂದಂಗ. ಅದು ಹೆಂಗ ಹೋಗತೈತಿ, ಹೆಂಗ ಬರತೈತಿ ಅನ್ನೂದನ್ನ ಬಿಡಿಸಿ ಹೇಳೂ ಸಲುವಾಗಿ ಇದನ್ನ ಬರ್ಯಾಕತ್ತೇನಿ.

ಮೊದಲ ಕಟ್ಟಡದ ಕಥಿ. ಕೊಲ್ಲಾಪುರದ ಶಾಹೂ ಮಹಾರಾಜರು 1902ರಾಗ ಏಳನೇ ಎಡ್ವರ್ಡ್ ರಾಜನ ಪಟ್ಟಾಭಿಷೇಕಕ್ಕ ಇಂಗ್ಲಂಡಿಗೆ ಹೋಗಿದ್ರು, ಅದೇ ಪ್ರವಾಸದಾಗ ರೋಮ್‌ದಾಗ ಕೊಲೋಸಿಯಂ ನೋಡಿದ್ರು. ಊರಿಗೆ ಬಂದು ಖಾಸಬಾಗದಾಗ ಅಂಥಾದ್ದೊಂದು ಕುಸ್ತಿ ಮೈದಾನ ಮಾಡ್ಸಿದ್ರು, ನಡುವ ಕಣ, ಸುತ್ತಲೂ ಮ್ಯಾಲ ಏರಿಕೋತ ಹೋಗೂ ಇಳಿಜಾರು, ಹಿಂದ ಕುಂತ ರೈತಗೂ ಪೈಲವಾನರ ಪಟ್ಟು ಕಾಣಬೇಕು ಅನ್ನೂದು ಲೆಕ್ಕ. ಅದು 1912ಕ್ಕ ಮುಗೀತು. ಅದಕ್ಕ ಹೊಂದಿಕೊಂಡ 1913ರಾಗ ಥಿಯೇಟರ್ ಕೆಲಸ ಹಿಡದ್ರು, 1915ರಾಗ ಮುಗಿಸಿದ್ರು. ಆವಾಗ ಅದರ ಹೆಸರು ಪ್ಯಾಲೇಸ್ ಥಿಯೇಟರ್, 1957ರಾಗ ಕೇಶವರಾವ್ ಭೋಸಲೆ ನಾಟ್ಯಗೃಹ ಅಂತ ಆತು, ಈಗ ಅದು ಮಹಾನಗರಪಾಲಿಕೆ ಸ್ವತ್ತು. ಕುಸ್ತಿ ಮತ್ತ ನಾಟಕ ಬೆನ್ನಿಗೆ ಬೆನ್ನು ಹಚ್ಚಿ ಇರೂ ಜಾಗ ಇದು, ಒಬ್ಬ ರಾಜ ಎರಡನ್ನೂ ಮಂದಿ ಸಲುವಾಗಿ ಕಟ್ಟಿದಾ ಅನ್ನೂದು ನನಗ ಭಾಳ ದೊಡ್ಡದ ಅನಸತೈತಿ.

ಆ ಕಾಲಕ್ಕ ಪಕ್ಕಾ ಥಿಯೇಟರ್ ಅನ್ನೂದು ಸಣ್ಣ ಮಾತಲ್ಲ. ಕಂಪನಿ ನಾಟಕ ಅಂದ್ರ ಪತ್ರಾ, ಬಿದರು, ತಟ್ಟಿ, ತಾಡಪತ್ರಿ. ಜಾತ್ರಿ ಬಂದಲ್ಲಿ ಹಾಕೂದು, ಕಲೆಕ್ಷನ್ ಇಳದ ಮ್ಯಾಲ ಬಿಚ್ಚಿಕೊಂಡು ಮುಂದಿನ ಕ್ಯಾಂಪಿಗೆ ಹೋಗೂದು. ನಮ್ಮ ಕನ್ನಡ ಕಂಪನಿಗಳದ್ದೂ ಅದೇ ಬಾಳೇವು, ಕೊಣ್ಣೂರ ಕಂಪನಿ ಅನ್ರಿ, ವಾಮನರಾವ್ ಮಾಸ್ತರರ ಕಂಪನಿ ಅನ್ರಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಅನ್ರಿ, ಹಾಡು ಉಳದಾವ, ಫೋಟೋ ಉಳದಾವ, ಆದ್ರ ಅವರು ನಿಂತು ಹಾಡಿದ ಮಂಟಪ ಉಳಿಯೂದು ಹೆಂಗ, ಬಿಚ್ಚೂ ಸಲುವಾಗಿನ ಕಟ್ಟಿದ್ದು ಅದು. ಆ ಪೀಳಿಗಿ ನಟರ ದನಿ ಎಂಥಾ ಜಾಗದಾಗ ಹೆಂಗ ಕೇಳತಿತ್ತು ಅಂತ ತಿಳ್ಕೊಬೇಕಂದ್ರ ಈ ಭಾಗದಾಗ ಇಂಥಾ ಬೆರಳೆಣಿಕಿ ಕಟ್ಟಡನ ಗತಿ.

ಇದು ಮರಾಠಿಯವರ ಥಿಯೇಟರ್, ನಮಗೇನು ಅನ್ನೂವರಿಗೆ ಒಂದೀಟು ಹಿಂದಿನ ಲೆಕ್ಕ ಹೇಳ್ತೇನಿ. ಹೊನ್ನಾವರ ಕಡೆ ಕರ್ಕಿಯ ಭಾಗವತರ ಮೇಳ 1842ರ ಸುಮಾರಿಗೆ ಸಾಂಗಲಿಗೆ ಬಂದು ಆಟ ಆಡಿತು, ಅದನ್ನ ನೋಡಿದ ಸಾಂಗಲಿ ದೊರಿ ಚಿಂತಾಮಣರಾವ್ ಪಟವರ್ಧನರು ವಿಷ್ಣುದಾಸ ಭಾವೆಯವರಿಗೆ ಮರಾಠಿಯೊಳಗ ಹಿಂಗೊಂದು ಮಾಡು ಅಂದ್ರು, 1843ರಾಗ ಸೀತಾ ಸ್ವಯಂವರ ಆತು. ಮರಾಠಿ ರಂಗಭೂಮಿ ಅಲ್ಲಿಂದನ ಶುರು ಅಂತ ಅವರೇ ಲೆಕ್ಕ ಹಿಡೀತಾರ, ನವೆಂಬರ್ 5 ಇವತ್ತಿಗೂ ಅವರ ರಂಗಭೂಮಿ ದಿನ. ಮುಂದ ಮರಾಠಿ ಕಂಪನಿಗಳು ನಮ್ಮ ಕಡೆ ಬಂದು ಊರೂರು ಆಡೂದಕ್ಕ ಹತ್ತಿದ ಮ್ಯಾಲ, ನಮ್ಮ ಭಾಷಾದಾಗ ಯಾಕ ಇಲ್ಲ ಅಂತ ಹಟಕ್ಕ ಬಿದ್ದು 1870ರ ದಶಕದಾಗ ಗದಗಿನ್ಯಾಗ ಶಾಂತಕವಿಗಳು ಕನ್ನಡ ನಾಟಕ ಬರದು ಮಂಡಳಿ ಕಟ್ಟಿದ್ರು. 1880ರಾಗ ಸಂಗೀತ ಶಾಕುಂತಲ ಆಡಿಸಿ ಸಂಗೀತ ನಾಟಕಕ್ಕ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾಂವಿ ಜಿಲ್ಲಾದ ಗುರ್ಲಹೊಸೂರಿನ್ಯಾಗ. ಇನ್ನ ಕೇಶವರಾವ್ ಭೋಸಲೆ, ಕೊಲ್ಲಾಪುರದ ಹುಡುಗ, ಸಣ್ಣಾಂವಿದ್ದಾಗನ ಕಂಪನಿ ಸೇರಿ ದೇವಲರ ಶಾರದಾ ನಾಟಕದಾಗ ಶಾರದೆ ಪಾತ್ರ ಮಾಡಿ ಹೆಸರಾದಾಂವ, 1908ರ ಜನವರಿ 1ಕ್ಕ ತನ್ನದೇ ಲಲಿತಕಲಾದರ್ಶ ಕಂಪನಿ ಕಟ್ಟಿದಾ. ಎಲ್ಲಿ ಕಟ್ಟಿದಾ ಅಂದ್ರ ಹುಬ್ಬಳ್ಳಿಯೊಳಗ! 1921ರ ಜುಲೈ 8ಕ್ಕ ಮುಂಬೈದಾಗ ತಿಲಕ ಸ್ವರಾಜ್ಯ ನಿಧಿ ಸಲುವಾಗಿ ಬಾಲಗಂಧರ್ವರ ಕಂಪನಿ ಮತ್ತ ಇವರ ಕಂಪನಿ ಕೂಡಿ ಆಡಿದ ಮಾನಾಪಮಾನ ನಾಟಕದ ಸುದ್ದಿ ಇವತ್ತಿಗೂ ಹೇಳ್ತಾರ, ಅದೇ ವರ್ಷ ಅಕ್ಟೋಬರ್‌ದಾಗ ಕೇಶವರಾಯರು ತೀರಿಕೊಂಡ್ರು, ವಯಸ್ಸು ಬರೇ 31. ಶಾಹೂ ಮಹಾರಾಜರ ಆಸ್ಥಾನದಾಗ ಹಿಂದೂಸ್ತಾನಿ ಹಾಡುಗಾರ ಉಸ್ತಾದ್ ಅಲ್ಲಾದಿಯಾ ಖಾನ್ ಸಾಹೇಬರು ಇದ್ರು, ಅವರ ಮಕ್ಕಳು ಮಂಜೀ ಖಾನ್ ಮತ್ತ ಭೂರ್ಜೀ ಖಾನರ ಕಡೆ ಕಲತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು, ಅವರೂ ಹುಡುಗರಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯೊಳಗ ಬಣ್ಣ ಹಚ್ಚಿದವರ. ಹಿಂಗ ನೋಡಿದ್ರ ಗಡಿ ನಡುವ ಬಂದದ್ದು ಈಚೀಚೆ, ಹಾಡು ಮತ್ತ ನಾಟಕ ಆಚೆ ಈಚೆ ಮೊದಲಿಂದ ಅಡ್ಡಾಡಿಕೋತನ ಬಂದಾವ.

ಈಗ ದನಿ ವಿಷಯಕ್ಕ ಬರೂಣ, ಇದನ್ನ ನಿಧಾನ ಹೇಳಬೇಕು.

ಸ್ಟೇಜ್ ಮ್ಯಾಲ ಒಬ್ಬರು ಮಾತಾಡಿದ್ರ ನಿಮ್ಮ ಕಿವಿಗೆ ಆ ದನಿ ಒಂದ ದಾರಿಲೆ ಬರೂದಿಲ್ಲ. ಬಾಯಿಂದ ನೆಟ್ಟಗ ಬರೂದು ಒಂದು, ಬಾಜೂ ಗ್ವಾಡಿಗೆ ಬಡದು ಬರೂದು ಒಂದು, ಮ್ಯಾಲಿನ ಛತ್ತಿಗೆ ಬಡದು ಇಳದು ಬರೂದು ಇನ್ನೊಂದು, ಹಿಂಗ ನೂರಾರು. ದನಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡತೈತಿ. ಬಡದು ಬರೂ ದನಿ ನೆಟ್ಟಗ ಬಂದ ದನಿಗಿಂತ ಒಂದು ಸೆಕೆಂಡಿನ ಇಪ್ಪತ್ತನೇ ಭಾಗದ ಒಳಗ ಬಂತಂದ್ರ, ಅಂದ್ರ ಸುಮಾರು 17 ಮೀಟರ್‌ಗಿಂತ ಹೆಚ್ಚು ಸುತ್ತು ಹಾಕಲಿಲ್ಲಂದ್ರ, ಕಿವಿ ಅದನ್ನ ಬ್ಯಾರೆ ದನಿ ಅಂತ ತಿಳಿಯೂದಿಲ್ಲ, ಎರಡೂ ಕೂಡಿ ಮಾತು ಜೋರಾಗಿ, ಸ್ಪಷ್ಟ ಕೇಳಸತೈತಿ. ಅದಕ್ಕಿಂತ ತಡ ಆಗಿ ಜೋರಾಗಿ ಬಂತಂದ್ರ ಪ್ರತಿಧ್ವನಿ, ಮಾತಿನ ಮ್ಯಾಲ ಮಾತು ಬಿದ್ದು ಗೊಂದಲ. ಹಳೇ ಥಿಯೇಟರ್‌ಗಳು ಅಗಲ ಕಡಿಮಿ ಇಟ್ಟು, ಬಾಜೂ ಗ್ವಾಡಿ ಗಟ್ಟಿ ಇಟ್ಟು, ಛತ್ತು ಗಡುತರ ಮಾಡಿದ್ದು ಇದಕ್ಕ ಭಾಳ ಉಪಕಾರ ಆಗತಿತ್ತು, ನಟನ ದನಿಗೆ ಕಟ್ಟಡನ ಕೈ ಹಚ್ಚತಿತ್ತು.

ಇದರ ಜೊತಿಗೆ ಇನ್ನೊಂದು ಲೆಕ್ಕ ಐತಿ, ದನಿ ನಿಂತ ಮ್ಯಾಲ ಎಷ್ಟೊತ್ತು ಜಾಗದಾಗ ಉಳದು ಆರತೈತಿ ಅನ್ನೂದು. ಮಾತಿನ ನಾಟಕಕ್ಕ ಒಂದು ಸೆಕೆಂಡಿನ ಆಸುಪಾಸು ಇದ್ರ ಚಲೋ, ಬರೇ ಸಂಗೀತಕ್ಕ ಒಂದೂವರಿಯಿಂದ ಎರಡು ಸೆಕೆಂಡ್ ಆದ್ರೂ ನಡೀತೈತಿ, ಸಂಗೀತ ನಾಟಕಕ್ಕ ಇವೆರಡರ ನಡುವ ಎಲ್ಲೋ ಒಂದು ಕಡೆ ಹೊಂದಿಸಬೇಕು. ಈ ವಿದ್ಯಾ ಹುಟ್ಟಿದ್ದು 1890ರ ದಶಕದಾಗ, ಅಮೆರಿಕಾದ ಹಾರ್ವರ್ಡ್‌ದಾಗ ವಾಲೇಸ್ ಸೆಬೈನ್ ಅನ್ನೂ ಪ್ರಾಧ್ಯಾಪಕ ರಾತ್ರಿ ಬಾಜೂಕಿನ ಥಿಯೇಟರಿನ ಕುರ್ಚಿ ಗಾದಿ ಹೊತ್ತು ತಂದು ಒಂದು ಕ್ಲಾಸ್ ರೂಮಿನ್ಯಾಗ ಹಾಸಿ, ಆರ್ಗನ್ ಕೊಳವಿ ಊದಿಸಿ, ದನಿ ಆರೂತನಕ ಗಡಿಯಾರ ಹಿಡದು ಎಣಿಸಿದಾ. ಗಾದಿ ಹೆಚ್ಚಾದಂಗ ದನಿ ಲಗೂನ ಆರತಿತ್ತು. ಅದರಿಂದ ಬಂದ ಸೂತ್ರ ಇವತ್ತಿಗೂ ನಡೀತೈತಿ: ಒಳಗಿನ ಗಾಳಿಯ ಗಾತ್ರ ಹೆಚ್ಚಾದ್ರ ದನಿ ಹೆಚ್ಚು ಹೊತ್ತು ಉಳೀತೈತಿ, ಹೀರಿಕೊಳ್ಳೂ ವಸ್ತು ಹೆಚ್ಚಾದ್ರ ಕಡಿಮಿ ಹೊತ್ತು. ಮಂದಿ ಮೈಮ್ಯಾಲಿನ ಅರಿವಿನೂ ದನಿ ಹೀರತಾವ, ಅದಕ್ಕ ಖಾಲಿ ಥಿಯೇಟರ್‌ದಾಗ ಕೇಳಿದ ದನಿ ಬ್ಯಾರೆ, ಹೌಸ್‌ಫುಲ್ ಇದ್ದಾಗ ಕೇಳಿದ್ದು ಬ್ಯಾರೆ.

ಇದನ್ನ ನೀವೇ ನೋಡಬಹುದು. ಯಾವುದರ ಹಳೇ ಥಿಯೇಟರ್‌ಗೆ ಹೋದಾಗ ಸ್ಟೇಜಿನ ನಡುವ, ಮುಂದಿನ ಅಂಚಿನಿಂದ ಎರಡು ಹೆಜ್ಜಿ ಹಿಂದ ನಿಂತು ಒಮ್ಮೆ ಜೋರಾಗಿ ಚಪ್ಪಾಳಿ ಹೊಡೀರಿ. ಫಟ್ ಅಂದು ಅಲ್ಲೇ ಸತ್ತು ಹೋತಂದ್ರ ಒಳಗ ಹೀರೂ ಸಾಮಾನು ಹೆಚ್ಚಾಗೈತಿ, ಅಲ್ಲಿ ಮೈಕ್ ಇಲ್ಲದ ಹಾಡು ಏಳೂದಿಲ್ಲ. ಫಟ್ ಅಂದ ಮ್ಯಾಲ ಒಂದು ತೆಳ್ಳಗ ಎಳಿ ಹಿಂದಿನ ಸಾಲಿನ ಕಡೆ ಹೋಗಿ ಮೆತ್ತಗ ಆರಿತಂದ್ರ ಜಾಗ ಜೀವಂತ ಐತಿ. ಟರ್ರ್ ಅಂತ ಝಣಝಣ ಕೇಳಿಸ್ತಂದ್ರ ಎರಡು ಗ್ವಾಡಿ ಎದುರಾ ಬದುರಾ ನಿಂತು ದನೀನ ಚೆಂಡ ಆಡಾಕತ್ತಾವ, ಅಲ್ಲಿ ಏನಾರ ಮಾಡಬೇಕು. ಆಮ್ಯಾಲ ಗೆಳ್ಯಾನ್ನ ಸ್ಟೇಜ್ ಮ್ಯಾಲ ನಿಲ್ಲಿಸಿ ನೀವು ಕಡೀ ಸಾಲಿಗೆ ಹೋಗಿ ಕುಂಡ್ರಿ, ಸಾದಾ ದನಿಲೆ ಸ, ಶ, ಕ, ತ ಇರೂ ಮಾತು ಆಡಾಕ ಹೇಳ್ರಿ. ಅಆಇಈ ಎಲ್ಲಾ ಕಡೆ ಕೇಳಿಸ್ತಾವ, ವ್ಯಂಜನ ಮುಟ್ಟತಾವೋ ಇಲ್ಲೋ ಅನ್ನೂದ ಪರೀಕ್ಷಾ.

ರಿಪೇರಿ ಹೆಸರಿಲೆ ಈ ಗುಣ ಹೆಂಗ ಹೋಗತೈತಿ ಅಂದ್ರ, ಯಾರೂ ಬೇಕಂತ ಕೆಡಸೂದಿಲ್ಲ. ಮಂದಿಗೆ ಆರಾಮ ಇರಲಿ ಅಂತ ದಪ್ಪ ಫೋಮಿನ ಕುರ್ಚಿ, ಚಂದ ಕಾಣಲಿ ಅಂತ ಗ್ವಾಡಿತುಂಬ ಬಟ್ಟಿ ಹಚ್ಚಿದ ಪ್ಯಾನೆಲ್, ಕೆಳಗ ಕಾರ್ಪೆಟ್, ಮ್ಯಾಲ ತೂತಿನ ಫಾಲ್ಸ್ ಸೀಲಿಂಗ್, ಅದರ ಹಿಂದ ಎಸಿ. ಒಂದೊಂದೂ ನೋಡಿದ್ರ ಬರೋಬ್ಬರಿನ ಐತಿ. ಎಲ್ಲಾ ಕೂಡಿದ್ರ ಬಾಜೂ ಗ್ವಾಡಿ ಮತ್ತ ಛತ್ತು ಕೊಡೂ ಆಸರಾ ಹೋಗತೈತಿ, ಎಸಿಯ ಗುಂಯ್ ಅನ್ನೂ ಸಪ್ಪಳ ಸಣ್ಣ ದನೀನ ನುಂಗತೈತಿ, ಕಾಲರ್ ಮೈಕ್ ಬರತೈತಿ, ಆಮ್ಯಾಲ ನಟರಿಗೆ ದನಿ ಎಸಿಯೂ ಅಭ್ಯಾಸನೂ ಹೋಗತೈತಿ. ಟೆಂಡರಿನ್ಯಾಗ ಕುರ್ಚಿ ಎಷ್ಟು, ಎಸಿ ಎಷ್ಟು ಟನ್, ಟೈಲ್ಸ್ ಯಾವುದು ಅಂತ ಬರೀತಾರ. ದನಿ ಎಷ್ಟು ಸೆಕೆಂಡಿಗೆ ಆರಬೇಕು, ಎಸಿ ಹಚ್ಚಿದಾಗ ಒಳಗಿನ ಸಪ್ಪಳ ಎಷ್ಟು ಡೆಸಿಬಲ್ ದಾಟಬಾರದು ಅಂತ ಬರದು, ಕೆಲಸ ಮುಗದ ಮ್ಯಾಲ ಅಳದು ತೋರಿಸಿದ್ರನ ಬಿಲ್ ಅಂತ ಷರತ್ತು ಹಾಕಿದ್ರ ಅರ್ಧ ಗೆದ್ದಂಗ.

ವೆನಿಸ್‌ದ ಲಾ ಫೆನಿಚೆ ಥಿಯೇಟರ್ ಇದಕ್ಕ ಚಲೋ ಉದಾಹರಣಿ. 1996ರ ಜನವರಿ 29ಕ್ಕ ಅದು ಸುಟ್ಟು ಹೋತು, ವಾಯರಿಂಗ್ ಕೆಲಸ ತಡ ಆಗಿದ್ದಕ್ಕ ದಂಡ ಬೀಳತೈತಿ ಅಂತ ಇಬ್ಬರು ಇಲೆಕ್ಟ್ರಿಷಿಯನ್ ಬೆಂಕಿ ಹಚ್ಚಿದ್ದು ಅಂತ ಕೋರ್ಟಿನ್ಯಾಗ ಸಾಬೀತಾತು. ಮೊದಲ ಹೆಂಗಿತ್ತೋ ಹಂಗ, ಎಲ್ಲಿತ್ತೋ ಅಲ್ಲೇ ಅಂತ ಊರು ತೀರ್ಮಾನ ಮಾಡಿತು, 2003ರ ಡಿಸೆಂಬರ್‌ದಾಗ ಬಾಗಲಾ ತಗೀತು. ಇದರಾಗ ಎರಡು ವಸ್ತು ಅವರನ್ನ ಕೈ ಹಿಡದ್ವು. ಬೆಂಕಿ ಬೀಳೂಕಿಂತ ತುಸು ತಿಂಗಳ ಹಿಂದ ದನಿಶಾಸ್ತ್ರದವರು ಅದರೊಳಗ ಮನಿಷ್ಯಾರ ತಲಿಯಂಥಾ ಗೊಂಬಿಗೆ ಎರಡು ಕಿವಿಯೊಳಗ ಮೈಕ್ ಇಟ್ಟು ಬ್ಯಾರೆ ಬ್ಯಾರೆ ಸೀಟಿನ್ಯಾಗ ದನಿ ಹೆಂಗ ಬರತೈತಿ ಅಂತ ರೆಕಾರ್ಡ್ ಮಾಡಿಟ್ಟಿದ್ರು, ಹೊಸಾದ್ದಕ್ಕ ಅದನ್ನ ಅಳತಿ ಇಟ್ಟುಕೊಂಡು ಹೋಲಿಸಿ ನೋಡಾಕ ಬಂತು. ಒಳಗಿನ ಅಲಂಕಾರಕ್ಕ 1950ರ ದಶಕದಾಗ ಅಲ್ಲೇ ತಗದ ಒಂದು ಸಿನಿಮಾದ ದೃಶ್ಯ ನೋಡಿ ನೋಡಿ ಗೆರಿ ಹಾಕಿದ್ರು. ಅಂದ್ರ ಸುಟ್ಟ ಮ್ಯಾಲ ಕಟ್ಟೂದಕ್ಕ ಬೇಕಾದ್ದು ಸುಡೂಕಿಂತ ಮೊದಲ ಮಾಡಿಟ್ಟ ದಾಖಲೆ. ಕೊಲ್ಲಾಪುರದ್ದಂತೂ ಸುಟ್ಟು ಹೋತು, ಆದ್ರ ಸಾಂಗಲಿ, ಮಿರಜ, ಸೋಲಾಪುರ, ಆಚೆ ಬೆಳಗಾಂವಿ, ಹುಬ್ಬಳ್ಳಿ, ಧಾರವಾಡದ ಹಳೇ ನಾಟಕದ ಜಾಗ ಇನ್ನೂ ಅದಾವ. ಅಲ್ಲಿ ಈಗ ಒಂದು ಲೇಸರ್ ಸ್ಕ್ಯಾನ್ ಮಾಡಿಸಿ, ಹಿಂದಿಂದ ಮುಂದಿನ ತನಕ ನಾಲ್ಕೈದು ಜಾಗದಾಗ ಮೈಕ್ ಇಟ್ಟು ದೊಡ್ಡ ಪುಗ್ಗಿ ಒಡದು ರೆಕಾರ್ಡ್ ಮಾಡಿದ್ರ ಆತು. ಪುಗ್ಗಿ ಒಡದ ಸಪ್ಪಳದಾಗ ಆ ಜಾಗದ ದನಿ ಗುಣದ ಒರಟು ನಕಾಶೆ ಸಿಕ್ಕಬಿಡತೈತಿ, ಕಂಪ್ಯೂಟರ್ ಅದನ್ನ ಬಿಡಿಸಿ ಹೇಳತೈತಿ. ಖರ್ಚು ದೊಡ್ಡದಲ್ಲ, ಒಂದು ಇಂಜಿನಿಯರಿಂಗ್ ಕಾಲೇಜಿನ ಹುಡುಗರು ರಜಾದಾಗ ಮಾಡೂವಂಥಾ ಕೆಲಸ.

ಬೆಂಕಿ ಥಿಯೇಟರ್‌ಗೆ ಯಾಕ ಇಷ್ಟು ಲಗು ಹಿಡೀತೈತಿ ಅನ್ನೂದನ್ನೂ ಹೇಳಬೇಕು. ಸ್ಟೇಜ್ ಅಂದ್ರ ಕಟಗಿ ಹಾಸು, ಅದರ ಕೆಳಗ ಪೊಳ್ಳು, ಮ್ಯಾಲ ಸಾಲಾಗಿ ಬಟ್ಟಿ ಪರದೆ, ಬಾಜೂಕ ಹಳೇ ಸೆಟ್ಟಿನ ಪ್ಲೈವುಡ್ಡು, ಬಣ್ಣದ ಡಬ್ಬಿ. ಪರದೆ ಮ್ಯಾಲ ಎಳಿಯೂ ಸಲುವಾಗಿ ಸ್ಟೇಜಿನ ಮ್ಯಾಲ ಎತ್ತರ ಜಾಗ ಬಿಟ್ಟಿರತಾರ, ಬೆಂಕಿ ಬಿದ್ದಾಗ ಅದು ಹೊಗಿಗೂಡಿನಂಗ ಕೆಲಸ ಮಾಡತೈತಿ, ಗಾಳಿ ಕೆಳಗಿಂದ ಜಗ್ಗಿಕೊಂಡು ಉರಿ ಮ್ಯಾಲ ಏಳತೈತಿ. ಹ್ಯಾಲೊಜನ್ ದೀಪ ಒಂದೊಂದೂ ಸಾವಿರ ವಾಟ್, ಪರದೆಗೆ ತುಸು ತಾಗಿದ್ರ ಸಾಕು. ಮ್ಯಾಲೆ ಮ್ಯಾಲೆ ಜೋಡಿಸಿಕೋತ ಬಂದ ಹಳೇ ವಾಯರಿಂಗ್, ಫಾಲ್ಸ್ ಸೀಲಿಂಗ್ ಹಿಂದ ಯಾರ ಕಣ್ಣಿಗೂ ಬೀಳದ ಜಾಯಿಂಟ್, ಇವು ಎಲ್ಲಾ ಊರಾಗಿನ ಸಾರ್ವಜನಿಕ ಹಾಲ್‌ಗಳ ಜಡ್ಡು.

1903ರ ಡಿಸೆಂಬರ್‌ದಾಗ ಶಿಕಾಗೋದ ಇರಾಕ್ವಾ ಥಿಯೇಟರ್‌ದಾಗ ದೀಪದ ಕಿಡಿ ಪರದೆಗೆ ತಾಗಿ 602 ಮಂದಿ ಸತ್ರು, ಬೆಂಕಿ ತಡಿಯೂ ಪರದೆ ಅರ್ಧಕ್ಕ ಸಿಕ್ಕು ನಿಂತು, ಬಾಗಲಾ ಭಾಳಷ್ಟು ಕೀಲಿ ಹಾಕಿದ್ದು. ಅಲ್ಲಿಂದ ಮುಂದ ಹೊರಗ ತಗಿಯೂ ಬಾಗಲಾ, ಒಳಗಿಂದ ನೂಕಿದ್ರ ತಗಿಯೂ ಕೀಲಿ, ಸ್ಟೇಜ್ ಮತ್ತ ಮಂದಿ ನಡುವ ಬೀಳೂ ಬೆಂಕಿ ಪರದೆ ಎಲ್ಲಾ ಕಡೆ ಕಡ್ಡಾಯ ಆಕೋತ ಬಂದ್ವು. ದಿಲ್ಲಿಯ ಉಪಹಾರ್ ಟಾಕೀಸಿನ್ಯಾಗ 1997ರಾಗ ಸತ್ತ 59 ಮಂದಿ ಉರಿಗಿಂತ ಹೊಗಿಯಿಂದ ಸತ್ರು, ಹೆಚ್ಚಿನ ಸೀಟು ಹಾಕಿ ದಾರಿ ಮುಚ್ಚಿದ್ರು. ಮಹಾರಾಷ್ಟ್ರದಾಗ 2006ರ ಅಗ್ನಿಸುರಕ್ಷಾ ಕಾಯ್ದೆ ಪ್ರಕಾರ ಲೈಸೆನ್ಸ್ ಇದ್ದ ಏಜನ್ಸಿ ಕಡಿಂದ ವರ್ಷಕ್ಕ ಎರಡು ಸಲ, ಜನವರಿ ಮತ್ತ ಜುಲೈದಾಗ, ಬೆಂಕಿ ಆರಿಸೂ ಸಾಮಾನು ನೆಟ್ಟಗದಾವ ಅಂತ ಫಾರ್ಮ್ ಬಿ ಕೊಡಬೇಕು. ನಿಮ್ಮ ಊರಿನ ನಾಟ್ಯಗೃಹದ್ದು ಕೊಟ್ಟಾರೋ ಇಲ್ಲೋ ಅಂತ ಮಾಹಿತಿ ಹಕ್ಕಿನ್ಯಾಗ ಒಂದು ಅರ್ಜಿ ಹಾಕಿ ಕೇಳ್ರಿ, ಅದು ನಿಮ್ಮ ಹಕ್ಕು.

ಸುಟ್ಟ ಮ್ಯಾಲ ಉಳದ ಗ್ವಾಡಿ ನೋಡಿ ಕಲ್ಲು ಏನೂ ಆಗಿಲ್ಲ ಅನ್ನೂದು ತಪ್ಪು. ಕಾದ ಕರಿಕಲ್ಲಿನ ಮ್ಯಾಲ ಬೆಂಕಿ ಆರಿಸೂ ಬಂಬಿನ ತಣ್ಣೀರು ಬಿದ್ರ ಮೈ ಸೀಳತೈತಿ, ಪದರ ಎದ್ದು ಬರತೈತಿ, ಒಳಗಿನ ಗಚ್ಚು ಕಾದು ಹಿಡತ ಬಿಡತೈತಿ. ಅನುಭವ ಇದ್ದ ಗೌಂಡಿ ಸಣ್ಣ ಸುತ್ತಗಿಲೆ ಕಲ್ಲು ಒಂದೊಂದು ಬಡದು ನೋಡತಾನ, ಟಣ್ ಅಂದ್ರ ಗಟ್ಟಿ, ಧಪ್ ಅಂದ್ರ ಒಳಗ ಬಿಟ್ಟೈತಿ, ಅಂಥಾದ್ದಕ್ಕ ಖಡುವಿನ ಗುರ್ತು ಹಾಕತಾನ. ಆಮ್ಯಾಲ ಇಂಜಿನಿಯರ್ ಮಷೀನ್ ಹಚ್ಚಿ ಖಾತ್ರಿ ಮಾಡಕೊಳ್ಳೂದು. ಇಲ್ಲಿ ಸಿಮೆಂಟ್ ಮೆತ್ತಿ ಮುಚ್ಚೂದು ಎಲ್ಲಕ್ಕಿಂತ ಕೆಟ್ಟದ್ದು. ಹಳೇ ಗಚ್ಚು ಸುಣ್ಣದ್ದು, ಗ್ವಾಡಿಯೊಳಗಿನ ಹಸಿ ಅದರ ಮೂಲಕ ಹೊರಗ ಬರತೈತಿ, ಸಿಮೆಂಟ್ ಹಾಕಿದ್ರ ಹಸಿ ಒಳಗ ಸಿಕ್ಕು ಕೆಲವು ಮಳಿಗಾಲದಾಗ ಕಲ್ಲಿನ ಅಂಚು ಉದರತೈತಿ, ಕೊಲ್ಲಾಪುರದ ಮಳಿ ಎಂಥಾದ್ದು ಅಂತ ನಮಗ ಗೊತ್ತೈತಿ. ಕಟಗಿ ವಿಷಯದಾಗ ಮಂದಿ ತಿಳಿದದ್ದು ಉಲ್ಟಾ. ದಪ್ಪ ಸಾಗವಾನಿ ತೊಲಿ ಮ್ಯಾಲಿಂದ ಇದ್ದಲಿ ಆಕೋತ ನಿಮಿಷಕ್ಕ ಅರ್ಧ ಮಿಲಿಮೀಟರ್ ಆಸುಪಾಸು ಸುಡತೈತಿ, ಆ ಇದ್ದಲಿ ಪದರನ ಒಳಗಿನದನ್ನ ಕಾಯತೈತಿ, ತಿರುಳು ಭಾಳ ಹೊತ್ತಿನ ತನಕ ತಾಳತೈತಿ. ಬರೇ ಕಬ್ಬಿಣದ ಆಂಗಲ್ 550 ಡಿಗ್ರಿಗೆ ಬಂತಂದ್ರ ಸುಮಾರು ಅರ್ಧ ಬಲಾ ಕಳಕೊಂಡು ಬಾಗತೈತಿ. ಹಂಗಾಗಿ ಕಟಗಿ ತಗದು ಎಲ್ಲಾ ಸ್ಟೀಲ್ ಮಾಡಿದ್ರ ಬೆಂಕಿಗೆ ಸುರಕ್ಷಿತ ಅನ್ನೂದು ಅಷ್ಟು ಸರಳ ಇಲ್ಲ, ಸ್ಟೀಲಿಗೂ ಮ್ಯಾಲ ಲೇಪ ಬೇಕ ಬೇಕು.

ಮತ್ತೊಂದು ಕಳಕೊಳ್ಳೂ ವಸ್ತು ಬಣ್ಣದ ಪರದೆ. ಕೊಲ್ಲಾಪುರದ ಆನಂದರಾವ್ ಮತ್ತ ಬಾಬುರಾವ್ ಪೇಂಟರ್ ಅನ್ನೂ ಸೋದರ ಸಂಬಂಧಿಗಳು ಸಿನಿಮಾಕ್ಕ ಹೋಗೂಕಿಂತ ಮೊದಲ ನಾಟಕ ಕಂಪನಿಗಳಿಗೆ ಪರದೆ ಬರದ ದೊಡ್ಡ ಹೆಸರು. ಆ ಥರದ ಪರದೆ ಬಟ್ಟಿ ಮ್ಯಾಲ ಅಂಟು ಮತ್ತ ಸುಣ್ಣದ ಪುಡಿ ಬಳದು, ಪುಡಿ ಬಣ್ಣ ಅಂಟಿನ ನೀರಿನ್ಯಾಗ ಕಲಸಿ ಬರೀತಿದ್ರು, ಎಣ್ಣಿ ಬಣ್ಣ ಹಾಕಿದ್ರ ದೀಪಕ್ಕ ಮಿಂಚತೈತಿ ಅಂತ. ನೀರು ಬಿದ್ರ ಅದು ಕರಗಿ ಹರೀತೈತಿ, ಅಂದ್ರ ಬೆಂಕಿಯಿಂದ ಉಳದದ್ದು ಬಂಬಿನಿಂದ ಹೋಗತೈತಿ. ಯಾವುದರ ಸಂಸ್ಥಾದ ಅಟ್ಟದ ಮ್ಯಾಲ ಸುತ್ತಿಟ್ಟ ಹಳೇ ಪರದೆ ಇದ್ರ ಮಡಚಬ್ಯಾಡ್ರಿ, ದಪ್ಪ ಕೊಳವಿಗೆ ಬಣ್ಣದ ಮೈ ಹೊರಗ ಮಾಡಿ ಸುತ್ತಿ, ಹತ್ತಿ ಬಟ್ಟಿ ಮುಚ್ಚಿ, ಸ್ಟೇಜಿನಿಂದ ದೂರ ಬ್ಯಾರೆ ಕಟ್ಟಡದಾಗ ಇಡ್ರಿ.

ಹಂಗಂದ್ರ ಹೆಂಗ ಕಟ್ಟಬೇಕು, ಮೊದಲಿನಂಗೋ ಹೊಸದಾಗೋ? ನನ್ನ ಮಾತು ಕೇಳಿದ್ರ ಮಂದಿ ಕುಂಡ್ರೂ ಹಾಲಿನ ಅಳತಿ, ಅಗಲ, ಎತ್ತರ, ಗ್ವಾಡಿಯ ಗಟ್ಟಿತನ, ಸ್ಟೇಜಿನ ಬಾಯಿ, ಹೊರಗಿನ ಕಲ್ಲು ಇವು ಒಂದು ಇಂಚೂ ಬದಲಾಗಬಾರದು, ಯಾಕಂದ್ರ ದನಿ ಇರೂದು ಆ ಅಳತಿಯೊಳಗ. ಹಿಂದಿನ ಭಾಗದಾಗ ಮಾತ್ರ ಹಳೇದಕ್ಕ ಅಂಟಿಕೊಳ್ಳೂದು ಬ್ಯಾಡ. 1915ರಾಗ ಹೆಣ್ಣಿನ ಪಾತ್ರ ಗಂಡಸರ ಮಾಡತಿದ್ರು, ನಟಿಯರಿಗೆ ಬ್ಯಾರೆ ಬಣ್ಣದ ಕ್ವಾಣಿ, ಪಾಯಿಖಾನಿ ಬೇಕಂತ ಯಾರಿಗೂ ಹೊಳೀಲಿಲ್ಲ. ಈಗ ಅದು ಬೇಕು. ಗಾಲಿ ಕುರ್ಚಿ ಏರೂ ರ‍್ಯಾಂಪ್ ಬೇಕು, ಎಲ್‌ಇಡಿ ದೀಪ ಬೇಕು, ಸ್ಪ್ರಿಂಕ್ಲರ್ ಬೇಕು, ಸೆಟ್ ಸಾಮಾನಿಗೆ ಸ್ಟೇಜಿನ ಹೊರಗ ಬ್ಯಾರೆ ಕ್ವಾಣಿ ಬೇಕು. ಮುಂಬೈದ ರಾಯಲ್ ಒಪೇರಾ ಹೌಸ್ 1993ರಾಗ ಬಂದ್ ಬಿದ್ದು 2016ರಾಗ ಮತ್ತ ತಗದಾಗ ಹಳೇ ಮೈ ಉಳಸಿ ಒಳಗ ಇವತ್ತಿನ ಸೌಲತ್ತು ಕೊಟ್ರು, ಅದಕ್ಕ ಯುನೆಸ್ಕೋ ಪ್ರಶಸ್ತಿನೂ ಬಂತು. ಆಗೂದಿಲ್ಲ ಅನ್ನೂ ಮಾತ ಇಲ್ಲ. ಬಾಡಿಗಿ ಮಾತ್ರ ಹವ್ಯಾಸಿ ತಂಡಕ್ಕ ಎಟಕೂವಂಗ ಇಡಬೇಕು, ಬರೇ ಲಗ್ನದ ರಿಸೆಪ್ಶನ್ನು, ರಾಜಕೀಯ ಸಭಾ, ಆರ್ಕೆಸ್ಟ್ರಾ ಮಾಡಿಕೋತ ಹೋದ್ರ ಎಂಥಾ ಅಳತಿ ಉಳಸಿದ್ರೂ ನಾಟಕ ಆ ಕಡೆ ಹಾಯೂದಿಲ್ಲ.

ನೋಡಾಕ ಹೋಗೂವರಿಗೆ: ನಿಪ್ಪಾಣಿಯಿಂದ ಹೈವೇ ಹಿಡದ್ರ ಸುಮಾರು 40 ಕಿಲೋಮೀಟರ್, ಊರೊಳಗ ಅಂಬಾಬಾಯಿ ಗುಡಿಯಿಂದ ನಡಕೋತ ಹೋಗೂವಷ್ಟ ದೂರ, ಖಾಸಬಾಗ ಅಂತ ಕೇಳಿದ್ರ ಯಾರರ ಹೇಳ್ತಾರ. ಕೆಲಸ ನಡದಿದ್ರ ಒಳಗ ಬಿಡೂದಿಲ್ಲ, ಮೊದಲ ಕೇಳಕೊಂಡು ಹೋಗ್ರಿ, ನುಗ್ಗೂ ಹಟ ಬ್ಯಾಡ, ಸುಟ್ಟ ಕಟ್ಟಡ ಯಾವಾಗ ಏನು ಬೀಳತೈತಿ ಹೇಳಾಕ ಬರೂದಿಲ್ಲ. ಹೊರಗಿಂದನ ಮುಂದಿನ ಕಲ್ಲಿನ ಕೆಲಸ ನೋಡ್ರಿ, ಆಮ್ಯಾಲ ಸುತ್ತಿ ಕುಸ್ತಿ ಮೈದಾನಕ್ಕ ಹೋಗಿ ಮ್ಯಾಲಿನ ಮೆಟ್ಟಲ ಮ್ಯಾಲ ಕುಂಡ್ರಿ, ಕಣದ ಯಾವ ಮೂಲಿಯೂ ಮರಿ ಆಗೂದಿಲ್ಲ, ಒಬ್ಬರ ತಲಿ ಇನ್ನೊಬ್ಬರಿಗೆ ಅಡ್ಡ ಬರೂದಿಲ್ಲ. ದೃಷ್ಟಿಯ ಲೆಕ್ಕ ಅಲ್ಲಿ ಎಷ್ಟು ಚಂದ ಹಾಕ್ಯಾರ ಅಂತ ತಿಳಿದ್ರ, ಅದರ ಬೆನ್ನಿಗೆ ಇದ್ದ ಥಿಯೇಟರ್‌ದಾಗ ಏನು ಹೋತು ಅನ್ನೂದು ತಾನ ತಿಳೀತೈತಿ.

ಕಡೀಕ ನಿಮ್ಮ ಕಡಿಂದ ಆಗೂ ಒಂದು ಕೆಲಸ. ಈ ಕಡೆ ಎಷ್ಟೋ ಮನಿಯಾಗ ಆ ಸ್ಟೇಜ್ ಮ್ಯಾಲ ತಗದ ಫೋಟೋ ಅದಾವ, ಶಾಲಿ ಗ್ಯಾದರಿಂಗು, ನಾಟ್ಯ ಸ್ಪರ್ಧಾ, ಭಜನಿ, ಸತ್ಕಾರ, ಯಾವುದಾದ್ರೂ ನಡೀತೈತಿ. ಫೋಟೋದಾಗ ನಿಂತವರ ಎತ್ತರ ಗೊತ್ತಿದ್ರ ಹಿಂದಿನ ಕಂಬ, ಕಮಾನು, ಪರದೆಯ ಎತ್ತರ ಲೆಕ್ಕ ಹಾಕಾಕ ಬರತೈತಿ, ಹಂಗಾಗಿ ನಡುವಿನ ಮಂದಿಗಿಂತ ಅಂಚಿನ್ಯಾಗ ಕಾಣೂ ಗ್ವಾಡಿ, ಛತ್ತು ಹೆಚ್ಚು ಬೆಲಿಯುಳ್ಳದ್ದು, ಕ್ರಾಪ್ ಮಾಡಬ್ಯಾಡ್ರಿ. ಫೋನಿಲೆ ಫೋಟೋದ ಫೋಟೋ ಹೊಡಿಯೂಕಿಂತ ಸ್ಕ್ಯಾನರ್‌ದಾಗ 600 ಡಿಪಿಐ ಇಟ್ಟು ತಗೀರಿ, ಹಿಂದ ಏನಾರ ಬರದಿದ್ರ ಅದನ್ನೂ ತಗೀರಿ, ವರ್ಷ ಮತ್ತ ಯಾವ ಕಾರ್ಯಕ್ರಮ ಅಂತ ಬರೀರಿ. ಹಳೇ ಕ್ಯಾಸೆಟ್ಟಿನ್ಯಾಗ, ವಿಡಿಯೋದಾಗ ಅಲ್ಲಿನ ನಾಟಕ ಇದ್ರ ಇನ್ನೂ ಚಲೋ, ಮಂದಿ ಚಪ್ಪಾಳಿ ಹೊಡದು ನಿಲ್ಲಿಸಿದ ಮ್ಯಾಲಿನ ಒಂದೆರಡು ಸೆಕೆಂಡ್‌ದಾಗ ದನಿ ಹೆಂಗ ಆರತೈತಿ ಅನ್ನೂದು ಅದರಾಗ ಇರತೈತಿ, ಆ ತುಣುಕು ಕತ್ತರಿಸಬ್ಯಾಡ್ರಿ. ಮೂಲ ನಿಮ್ಮ ಹತ್ತಿರನ ಇಟ್ಟುಕೊಂಡು ನಕಲು ಮಹಾನಗರಪಾಲಿಕೆಗೆ ಲಿಖಿತ ಅರ್ಜಿ ಜೊತಿ ಕೊಟ್ಟು ಪೋಚ್, ಅಂದ್ರ ಮುಟ್ಟಿದ್ದಕ್ಕ ರಸೀದಿ, ತಗೋರಿ.